ಬರ್ಕ್ಲಿಯ ಗೋಣಿಚೀಲದ ಮನೆ

"ಲೋ, ಇದು ನಮ್ಮ ಕೊಟ್ಟಿಗೆಗೆ ಹಾಕ್ಸಿದ್ದ ಶೀಟಲ್ವೇನೋ?"

ಅಪ್ಪ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಒಂದು ಚರ್ಚಿನ ಗೋಡೆ ನೋಡುತ್ತಾ ಕೇಳಿದರು. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕಣ್ಣು, ತಪ್ಪುತ್ತಾ? ಅದು ಆಸ್ಬೆಸ್ಟಾಸ್ ಶೀಟೇ. ಕಿಟಕಿಗಳಿಗೂ ಕಾರ್ಖಾನೆಗೆ ಹಾಕುವ ಸ್ಟೀಲ್ ಚೌಕಟ್ಟು. ಆದರೆ ಮೇಲೆ ನೋಡಿದರೆ ಹಳೇ ಗೋಥಿಕ್ ಚರ್ಚಿನಂಥ ಕುಸುರಿ, ಅದೂ ಕಾಂಕ್ರೀಟಿನಲ್ಲಿ ಎರಕ ಹೊಯ್ದದ್ದು. ಮುಂದೆ ಚಪ್ಪರ, ಅದರ ತುಂಬಾ ವಿಸ್ಟೀರಿಯಾ ಬಳ್ಳಿ. ಗೋಡೌನಿನ ಸಾಮಾನು ತಂದು ದೇವರ ಮನೆ ಕಟ್ಟಿದ ಹಾಗಿದೆ.

ಇದು ಕ್ರಿಶ್ಚಿಯನ್ ಸೈನ್ಸ್ ಪಂಥದವರ ಚರ್ಚು, 1910ರದ್ದು. ಕಟ್ಟಿದವನು ಬರ್ನಾರ್ಡ್ ಮೇಬೆಕ್ ಎಂಬ ವಾಸ್ತುಶಿಲ್ಪಿ. ಊರಿಂದ ಬಂದವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫೋಟೋ ತೆಗೆಸಿಕೊಳ್ಳುವ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್ ಕೂಡ ಅವನದೇ. 1915ರ ವಸ್ತುಪ್ರದರ್ಶನಕ್ಕೆಂದು ಎಬ್ಬಿಸಿದ್ದು. ನನಗೆ ಅದಕ್ಕಿಂತ ಈ ಚರ್ಚೇ ಜಾಸ್ತಿ ಇಷ್ಟ. ಆ ಪ್ಯಾಲೇಸಿನಲ್ಲಿ ಸ್ವಲ್ಪ ನಾಟಕ ಜಾಸ್ತಿ.

ಮೇಬೆಕ್ ಹುಟ್ಟಿದ್ದು 1862ರಲ್ಲಿ, ನ್ಯೂಯಾರ್ಕಿನಲ್ಲಿ. ಅವನ ಅಪ್ಪ ಜರ್ಮನಿಯಿಂದ ಬಂದ ಮರಗೆತ್ತನೆಯವನು. ಮಗನನ್ನು ಪ್ಯಾರಿಸ್ಸಿಗೆ ಕಳಿಸಿದ್ದು ಪೀಠೋಪಕರಣದ ಕೆಲಸ ಕಲಿಯಲಿ ಅಂತ. ಹುಡುಗ ಅಲ್ಲಿ ವಾಸ್ತುಶಿಲ್ಪದ ಶಾಲೆ ಸೇರಿಕೊಂಡ! ಆಮೇಲೆ ಬರ್ಕ್ಲಿಗೆ ಬಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾ, ಗುಡ್ಡದ ಮೇಲೆ ಮನೆ ಕಟ್ಟತೊಡಗಿದ. ಬಣ್ಣ ಬಳಿಯದ ರೆಡ್‌ವುಡ್ ಮರದ ಮನೆಗಳು. ಗುಡ್ಡ ಅಗೆದು ಸಮ ಮಾಡಬೇಡಿ, ಗುಡ್ಡ ಹೇಗಿದೆಯೋ ಹಾಗೇ ಮನೆ ಕೂರಲಿ ಅನ್ನುತ್ತಿದ್ದವರ ಗುಂಪಿನಲ್ಲಿ ಅವನೂ ಒಬ್ಬ.

1923ರ ಸೆಪ್ಟೆಂಬರ್‌ನಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿತ್ತು. ಸುಮಾರು 600 ಕಟ್ಟಡ ಸುಟ್ಟವು. ಒಣಗಿದ ಮರದ ಹಲಗೆ ಹೊದಿಸಿದ ಮಾಡು ಅಂದರೆ ಬೆಂಕಿಗೆ ಹಬ್ಬ ಅಲ್ವಾ? ಮೇಬೆಕ್‌ನ ಸ್ವಂತ ಮನೆಯೂ ಹೋಯಿತು. ಆಗ ಅವನಿಗೆ ಅರವತ್ತು ದಾಟಿತ್ತು.

ಅವನು ಆಮೇಲೆ ಮಾಡಿದ್ದನ್ನು ಅಪ್ಪನಿಗೆ ಹೇಳಿದರೆ ಮೊದಲು ನಂಬಲಿಲ್ಲ. ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಒಂದು ಆಗ ಬಂದಿತ್ತು, ಬಬಲ್‌ಸ್ಟೋನ್ ಅಂತ. ಗೋಣಿಚೀಲಗಳನ್ನು ಆ ಗಂಜಿಯಲ್ಲಿ ಅದ್ದಿ, ಗೋಡೆಯ ಚೌಕಟ್ಟಿಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ನೇತುಹಾಕಿದ. ಒಣಗಿದ ಮೇಲೆ ಅದೇ ಗೋಡೆ. ಹಳೇ ಮನೆಯ ಹತ್ತಿರವೇ ಅದರಲ್ಲಿ ಸಂಸಾರ ಹೂಡಿದ.

"ಕ್ಯೂರಿಂಗಿಗೆ ಗೋಣಿ ಸುತ್ತಿ ನೀರು ಹಾಕ್ತೀವಿ, ಸರಿ. ಗೋಣಿನೇ ಗೋಡೆ ಮಾಡೋದಾ?" ಅಂದರು ಅಪ್ಪ. ಸರಿ, ಕಾರು ಗುಡ್ಡ ಹತ್ತಿಸಿದೆ. ಯಾರದೋ ಮನೆ, ಒಳಗೆ ಹೋಗುವಂತಿಲ್ಲ. ರಸ್ತೆಯಿಂದಲೇ ಅಪ್ಪ ಕುತ್ತಿಗೆ ಚಾಚಿ ತುಂಬಾ ಹೊತ್ತು ನೋಡಿದರು. ಚೀಲದ ನೆರಿಗೆಗಳು ಹಾಗೇ ಗಟ್ಟಿಯಾಗಿ ನಿಂತಿವೆ.

1951ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಮೇಬೆಕ್‌ಗೆ ಚಿನ್ನದ ಪದಕ ಕೊಟ್ಟಿತು. 1957ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡ.

ರಾತ್ರಿ ಅಪ್ಪ ಊರಿಗೆ ಫೋನ್ ಮಾಡಿದರು. "ಗೋಣಿಚೀಲದ ಮನೆ ನೋಡ್ಕೊಂಡ್ ಬಂದೆ ಕಣೆ."

"ಅದಕ್ಕೆ ಅಮೆರಿಕಕ್ಕೆ ಹೋಗ್ಬೇಕಿತ್ತಾ?" ಅಂದಳು ಅಮ್ಮ.