ಪುಸ್ತಕದಾಗ ಎಲ್ಲೈತ್ರಿ?

ಭಾನುವಾರ ರಾತ್ರಿ ಗದಗದಿಂದ ಬಸ್ಸು ಹತ್ತಿದ ಮೇಲೆ ಬೆಂಗಳೂರು ಬರುವವರೆಗೂ ನನಗೆ ನಿದ್ದೆ ಹತ್ತಲಿಲ್ಲ. ಇವತ್ತು ಶುಕ್ರವಾರ. ಅಡುಗೆ ಮಾಡುವಾಗ, ಆಫೀಸಿನಲ್ಲಿ ಕೂತಾಗ, ಎಲ್ಲಿದ್ದರೂ ಒಂದೇ ಮಾತು ಕಿವಿಯಲ್ಲಿ ಇದೆ.

"ಪುಸ್ತಕದಾಗ ಎಲ್ಲೈತ್ರಿ? ತೋರಸ್ರಿ."

ಕೇಳಿದವಳು ನಮ್ಮ ದೊಡ್ಡವ್ವ. ಬೆಟಗೇರಿಯಲ್ಲಿ ಇರುತ್ತಾಳೆ. ವಯಸ್ಸು 76. ಅವಳ ಒಬ್ಬನೇ ಮಗ, ನನ್ನ ಅಣ್ಣ, ತೀರಿಕೊಂಡು ಮೂರು ವರ್ಷ ಆಯಿತು. ಹುಬ್ಬಳ್ಳಿ ರಸ್ತೆ, ರಾತ್ರಿ ಹೊತ್ತು, ಬೈಕು, ಲಾರಿ. ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಆಗುವುದಿಲ್ಲ.

ನಾವು ಕ್ರೈಸ್ತರು. ಪ್ರತಿ ವರ್ಷ ಆ ದಿನ ಮನೆಯಲ್ಲಿ ಪ್ರಾರ್ಥನೆ ಇಡುತ್ತಾರೆ. ಎರಡು ಕೀರ್ತನೆ, ಒಂದು ವಾಕ್ಯಭಾಗ, ಅಯ್ಯನವರ (ಪಾದ್ರಿಯವರ) ಹತ್ತು ನಿಮಿಷದ ಮಾತು, ಆಮೇಲೆ ಉಪ್ಪಿಟ್ಟು, ಚಹಾ. ಈ ಸಲ ನಮ್ಮ ಸಭೆಯ, ಅಂದರೆ ಚರ್ಚಿನ, ಅಯ್ಯನವರು ಬೇರೆ ಊರಿಗೆ ಹೋಗಿದ್ದರು. ನಮ್ಮ ಸಂಬಂಧಿಕ ಹುಡುಗನೊಬ್ಬ ಹೊರಗಿನಿಂದ ಬಂದಿದ್ದ ಪ್ರಸಂಗಿಯೊಬ್ಬರನ್ನು ಕರೆತಂದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ಹೊರಗಿನ ಬೆಂಚಿನ ಮೇಲೆ ಕೂತೇ ಕಳೆದವನು ಅವನು. ಆದರೆ ಯಾರಾದರೂ ಗಟ್ಟಿಯಾಗಿ, ಅಳುತ್ತಾ ಪ್ರಾರ್ಥನೆ ಮಾಡಿದರೆ ಸಾಕು, ಅವರು ಹೇಳಿದ್ದೆಲ್ಲ ದೇವರ ಮಾತು ಎಂದು ನಂಬಿಬಿಡುತ್ತಾನೆ.

ಪ್ರಸಂಗಿಯವರು ಚೆನ್ನಾಗಿ ಹಾಡಿದರು, ಅದನ್ನು ಒಪ್ಪಬೇಕು. ಸತ್ಯವೇದ (ಬೈಬಲ್) ತೆರೆದು ಒಂದು ವಚನ ಓದಿದರು. ಮುಚ್ಚಿ ಕುರ್ಚಿಯ ಮೇಲಿಟ್ಟರು. ಆಮೇಲೆ ಅದನ್ನು ಮುಟ್ಟಲೇ ಇಲ್ಲ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ನಂತರ ದೊಡ್ಡವ್ವನ ಕಡೆ ಕೈ ಚಾಚಿದರು.

"ಅಮ್ಮಾ, ಕರ್ತನು ನನಗೆ ತೋರಿಸ್ತಾ ಇದ್ದಾನೆ. ಈ ಮನೆ ಮೇಲೆ ಒಂದು ಶಾಪ ಇದೆ. ನಿಮ್ಮ ಹಿರಿಯರು ಮಾಡಿದ ಪಾಪ ಅದು. ಅದಕ್ಕೇ ಮಗ ಹೋಗಿದ್ದು. ಇದು ಇಲ್ಲಿಗೆ ನಿಲ್ಲಲ್ಲ, ಇನ್ನೊಂದು ಜೀವ ಕೇಳುತ್ತೆ. 21 ದಿನ ಉಪವಾಸ ಪ್ರಾರ್ಥನೆ ಮಾಡಿಸಿ ಇದನ್ನ ಮುರೀಬೇಕು."

ಇನ್ನೊಂದು ಜೀವ ಎಂದರು. ಎದುರಿಗೆ ಚಾಪೆಯ ಮೇಲೆ ಅತ್ತಿಗೆ ಕೂತಿದ್ದಳು, ತೊಡೆಯ ಮೇಲೆ ಐದು ವರ್ಷದ ಮಗಳು. ಆ ಮಾತು ಕೇಳಿದ್ದೇ ಅತ್ತಿಗೆ ಮಗುವನ್ನು ಎಳೆದು ಎದೆಗೆ ಅವಚಿಕೊಂಡಳು. ಮಗುವಿನ ಕೈಯಲ್ಲಿದ್ದ ಬಿಸ್ಕತ್ತು ಕೆಳಗೆ ಬಿತ್ತು. ಯಾರೂ ಅದನ್ನು ಎತ್ತಲಿಲ್ಲ.

ನಾನೂ ಎತ್ತಲಿಲ್ಲ. ನಾನು 12 ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳು. ಆ ಮಾತಿಗೆ ಏನು ಉತ್ತರ, ಯಾವ ಪುಸ್ತಕ, ಯಾವ ಅಧ್ಯಾಯ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಬರಲಿಲ್ಲ. ಪ್ರಾರ್ಥನೆಯ ನಡುವೆ ಹೇಗೆ ಮಾತಾಡುವುದು, ಬಂದವರಿಗೆ ಹೇಗೆ ಎದುರು ಹೇಳುವುದು ಎಂದು ತಲೆ ತಗ್ಗಿಸಿ ಕೂತಿದ್ದೆ. ಆಗ ದೊಡ್ಡವ್ವ ಕೇಳಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ಅಯ್ಯಾರ, ಇದು ಪುಸ್ತಕದಾಗ ಎಲ್ಲೈತ್ರಿ? ತೋರಸ್ರಿ. ಸೊಸಿ ಓದ್ತಾಳ, ನಾ ಕೇಳ್ತೀನಿ."

"ಎಲ್ಲಾ ಪುಸ್ತಕದಲ್ಲಿ ಇರಲ್ಲ ಅಮ್ಮಾ. ದೇವರು ಇವತ್ತೂ ಮಾತಾಡ್ತಾನೆ."

"ಮಾತಾಡ್ಲಿರಿ. ಆದ್ರ ನನ್ನ ಮಗನ ವಿಷಯ ಇದು. ಪುಸ್ತಕದಾಗ ಇಲ್ಲಂದ್ರ ನನಗ ಬ್ಯಾಡ್ರಿ."

ಇಷ್ಟೇ. ಆಮೇಲೆ ಮೊಣಕಾಲಿನ ಮೇಲೆ ಕೈ ಊರಿ ಎದ್ದಳು. ಅವರಿಗೆ ಚಹಾ ತಂದುಕೊಟ್ಟಳು. ಸಕ್ಕರೆ ಸಾಕೇನ್ರಿ ಎಂದು ಕೇಳಿದಳು.

ದೊಡ್ಡವ್ವ ಶಾಲೆಗೆ ಹೋದವಳಲ್ಲ. ಮದುವೆಯಾಗಿ ಬಂದ ಮೇಲೆ ದವಾಖಾನೆಯಲ್ಲಿ ಆಯಾ ಆಗಿ ದುಡಿದಳು. ಸಭೆಯ ಹೆಂಗಸರು ಸಂಜೆ ಕಲಿಸುತ್ತಿದ್ದಾಗ ಅಕ್ಷರ ಕಲಿತಳು. ಅವಳು ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ, ಒಂದು ಅಧ್ಯಾಯಕ್ಕೆ ಒಂದು ತಾಸು ತೆಗೆದುಕೊಂಡು ಓದುತ್ತಿದ್ದುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಈಗ ಕಣ್ಣು ಮಂಜು. ಆದರೂ ಆ ಪುಸ್ತಕ ಅವಳ ದಿಂಬಿನ ಪಕ್ಕವೇ ಇರುತ್ತದೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ.

ಬಸ್ಸಿನಲ್ಲಿ ಕೂತು ನಾನು ಅದನ್ನೇ ಯೋಚಿಸಿದೆ. ಆ ಪುಸ್ತಕ ಅವಳ ದಿಂಬಿನ ಪಕ್ಕಕ್ಕೆ ಬರಲು ಎಷ್ಟು ಜನ ಎಷ್ಟು ದುಡಿದಿದ್ದಾರೆ! ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. ಅಲ್ಲಿನ ಬಿಸಿಲಲ್ಲಿ ಕನ್ನಡ ಕಲಿತು, ಜೊತೆಗಾರ ವಿಲಿಯಂ ರೀವ್ ಮತ್ತು ಕನ್ನಡ ಬಲ್ಲ ಮುನ್ಷಿಗಳ ಜೊತೆ ಒಂದೊಂದು ಮಾತನ್ನೂ ತೂಗಿ ನೋಡಿ ಅನುವಾದ ಮಾಡಿದರು. ಇಡೀ ಸತ್ಯವೇದ ಕನ್ನಡದಲ್ಲಿ ಮುಗಿಯುವಷ್ಟರಲ್ಲಿ ಸುಮಾರು 20 ವರ್ಷ ಹೋಯಿತು. ಆಮೇಲೆ 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಕಡೆ ಹರಡಿದರು. ಹೋದಲ್ಲೆಲ್ಲ ಶಾಲೆ ಕಟ್ಟಿದರು, ಮಂಗಳೂರಿನಲ್ಲಿ ಅಚ್ಚುಕೂಟವನ್ನೂ ಹಾಕಿದರು. ಯಾಕೆ? ಅಯ್ಯನವರೊಬ್ಬರೇ ಓದಿ ಉಳಿದವರು ಹೂಂ ಅನ್ನುವುದಾದರೆ ಇಷ್ಟೆಲ್ಲ ಕಷ್ಟ ಬೇಕಾಗಿರಲಿಲ್ಲ. ಆಯಾ ಕೆಲಸ ಮಾಡುವ ಒಬ್ಬ ಹೆಂಗಸೂ ತಾನೇ ತೆರೆದು ನೋಡಿ "ಎಲ್ಲೈತ್ರಿ" ಎಂದು ಕೇಳಲಿ ಎಂದೇ ಅಲ್ವಾ?

ಬೆರೋಯ ಎಂಬ ಊರಿನವರ ಕತೆ ನೆನಪಿದೆಯಾ? ಸತ್ಯವೇದದ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 17ನೇ ಅಧ್ಯಾಯದಲ್ಲಿ ಬರುತ್ತದೆ. ಬಂದು ಬೋಧಿಸಿದವನು ಪೌಲ, ಹೊಸ ಒಡಂಬಡಿಕೆಯ ಎಷ್ಟೋ ಪತ್ರಗಳನ್ನು ಬರೆದ ಅಪೊಸ್ತಲ. ಆದರೂ ಅಲ್ಲಿನ ಜನ ಅವನು ಹೇಳಿದ್ದು ಹೌದೋ ಅಲ್ಲವೋ ಎಂದು ದಿನಾ ಶಾಸ್ತ್ರ ತೆರೆದು ನೋಡಿದರು. ಅದಕ್ಕೆ ಅವರನ್ನು ಯಾರೂ ಬೈಯಲಿಲ್ಲ, ಹೊಗಳಿದ್ದಾರೆ. ಪೌಲನನ್ನೇ ಪರೀಕ್ಷಿಸಬಹುದಾದರೆ ಕುರ್ಚಿಯ ಮೇಲೆ ಪುಸ್ತಕ ಇಟ್ಟು ಮಾತಾಡುವವರನ್ನು ಕೇಳಬಾರದೇ?

ಸೋಮವಾರ ಮಧ್ಯಾಹ್ನ ಆ ಹುಡುಗ ನನಗೆ ಫೋನ್ ಮಾಡಿದ. ದೊಡ್ಡವ್ವ ಹಾಗೆ ಕೇಳಿದ್ದು ಅವನಿಗೆ ಬೇಜಾರಾಗಿತ್ತು. "ಅಕ್ಕಾ, ಪುಸ್ತಕದಾಗ ಐತಲ್ಲ. ವಿಮೋಚನಕಾಂಡ 20 ನೋಡು. ತಂದಿ ಪಾಪಕ್ಕ ಮೂರು ನಾಲ್ಕು ತಲೆಮಾರಿನ ತನಕ ಮಕ್ಕಳಿಗೆ ಶಿಕ್ಷಾ ಅಂತ ಬರ್ದೈತಿ."

ಐತಿ, ನಿಜ. ಅವನು ಕೇಳಿದ್ದು ನನಗೆ ಒಳ್ಳೆಯದೇ ಆಯಿತು, ಯಾಕೆಂದರೆ ಭಾನುವಾರ ಬಾಯಿಗೆ ಬರದಿದ್ದ ಮಾತು ಸೋಮವಾರ ಬಂತು. ಅದೇ ವಚನವನ್ನು ಪೂರ್ತಿ ಓದು ಎಂದೆ. ದೇವರನ್ನು ದ್ವೇಷಿಸುವವರ ವಿಷಯ ಅಲ್ಲಿರುವುದು. ಅದರ ಮುಂದಿನ ವಚನದಲ್ಲೇ ಆತನನ್ನು ಪ್ರೀತಿಸುವವರಿಗೆ ಸಾವಿರ ತಲೆಮಾರಿನವರೆಗೆ ದಯೆ ಎಂದಿದೆ. ಮೂರು ನಾಲ್ಕು ಎಲ್ಲಿ, ಸಾವಿರ ಎಲ್ಲಿ! ಆಮೇಲೆ ಯೆಹೆಜ್ಕೇಲ 18 ತೆಗೆ ಎಂದೆ. ತಂದೆಗಳು ಹುಳಿ ದ್ರಾಕ್ಷಿ ತಿಂದರು, ಮಕ್ಕಳ ಹಲ್ಲು ಚಳಿತು ಹೋಯಿತು ಎಂಬ ಗಾದೆಯನ್ನು ಇಸ್ರಾಯೇಲಿನಲ್ಲಿ ಇನ್ನು ಎತ್ತಬಾರದು ಎಂದು ದೇವರೇ ಹೇಳುತ್ತಾನೆ. ಪಾಪ ಮಾಡಿದವನೇ ಸಾಯುವನು, ಮಗನು ತಂದೆಯ ಪಾಪ ಹೊರುವುದಿಲ್ಲ. ಇನ್ನು ಗಲಾತ್ಯ 3:13. ಕ್ರಿಸ್ತನು ನಮಗೋಸ್ಕರ ತಾನೇ ಶಾಪವಾಗಿ ನಮ್ಮನ್ನು ಬಿಡಿಸಿದನು. ಶಿಲುಬೆಯ ಮೇಲೆ ಮುಗಿದುಹೋದ ಶಾಪ ಬೆಟಗೇರಿಯ ಒಂದು ಮನೆಯಲ್ಲಿ ಮಾತ್ರ ಹೇಗೆ ಉಳಿಯಿತು? ಅದನ್ನು ಮುರಿಯಲು ಇನ್ನೂ 21 ದಿನ ಯಾಕೆ ಬೇಕು? ಹಾಗಾದರೆ ಆತನ ರಕ್ತ ಸಾಲಲಿಲ್ಲ ಎಂದು ಹೇಳಿದಂತೆ ಆಗಲಿಲ್ಲವೇ?

ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ "ಯೆಹೆಜ್ಕೇಲ 18 ಅಂದಿ ಅಲ್ಲ?" ಎಂದು ಕೇಳಿ ಬರೆದುಕೊಂಡ. ಅವನ ಮೇಲೆ ನನಗೆ ಪ್ರೀತಿ ಇರುವುದು ಇದಕ್ಕೇ.

"ಎಲ್ಲಾ ಪುಸ್ತಕದಲ್ಲಿ ಇರಲ್ಲ ಅಮ್ಮಾ." ಇದನ್ನೂ ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದ್ದೇನೋ. ಒಂದು ಅರ್ಥದಲ್ಲಿ ಆ ಮಾತು ಸರಿ. ಎಲ್ಲ ಇಲ್ಲ. ಅಣ್ಣ ಆ ರಾತ್ರಿಯೇ ಯಾಕೆ ಹೊರಟ ಎಂದು ಇಲ್ಲ. ದೊಡ್ಡವ್ವನ ಸಕ್ಕರೆ ಕಾಯಿಲೆಗೆ ಯಾವ ಗುಳಿಗೆ ಎಂದು ಇಲ್ಲ, ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು. ಸತ್ಯವೇದ ಸಾಕು ಎಂದರೆ ಲೋಕದ ಎಲ್ಲ ಪ್ರಶ್ನೆಗೂ ಅದರಲ್ಲಿ ಉತ್ತರ ಇದೆ ಎಂದು ನಾವು ಯಾವತ್ತೂ ಹೇಳಿಲ್ಲ. ರಕ್ಷಣೆಗೆ ಏನು ಬೇಕೋ, ದೇವರ ಮುಂದೆ ಬದುಕಲು ಏನು ಬೇಕೋ, ಅದು ಕಡಿಮೆಯಾಗದಂತೆ ಅದರಲ್ಲಿದೆ. ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಮೂರನೇ ಅಧ್ಯಾಯದಲ್ಲೂ ಅದೇ ಇದೆ. ದೇವರ ಮನುಷ್ಯನು ಎಲ್ಲ ಒಳ್ಳೆಯ ಕೆಲಸಕ್ಕೂ ಸಿದ್ಧನಾಗುವಷ್ಟು ಶಾಸ್ತ್ರ ಕೊಟ್ಟಿದೆ. ಬೋಧಕರು ಬೇಡ ಎಂದೂ ನಾನು ಹೇಳುತ್ತಿಲ್ಲ. ಇಥಿಯೋಪ್ಯದ ಅಧಿಕಾರಿ ರಥದಲ್ಲಿ ಕೂತು ಪ್ರವಾದಿ ಯೆಶಾಯನ ಪುಸ್ತಕ ಓದುವಾಗ, ಯಾರಾದರೂ ತಿಳಿಸದೆ ನನಗೆ ಹೇಗೆ ತಿಳಿದೀತು ಎಂದು ಬೋಧಕ ಫಿಲಿಪ್ಪನನ್ನು ಕೇಳಿದ. ಫಿಲಿಪ್ಪ ಅವನ ಪಕ್ಕ ಕೂತ. ಅವನು ಓದುತ್ತಿದ್ದ ಅದೇ ಪುಟದಿಂದ ಶುರುಮಾಡಿ ಯೇಸುವಿನ ಸುದ್ದಿ ಹೇಳಿದ. ಪುಸ್ತಕ ಮುಚ್ಚಿಡು, ನನಗೆ ಬೇರೆ ದರ್ಶನ ಆಗಿದೆ ಅನ್ನಲಿಲ್ಲ.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹುಟ್ಟಿತು. ರಕ್ಷಣೆಗೆ ಬೇಕಾದದ್ದೆಲ್ಲ ಹಳೆಯ ಮತ್ತು ಹೊಸ ಒಡಂಬಡಿಕೆಗಳಲ್ಲಿದೆ, ನಂಬಿಕೆಗೆ ಅದೇ ಕೊನೆಯ ಅಳತೆ ಎಂದು ಅದರ ನಿಯಮಗಳಲ್ಲಿ ಬರೆದಿದೆ. ಅದಕ್ಕೂ ಹಿಂದೆ, 1571ರಲ್ಲಿ ಇಂಗ್ಲೆಂಡಿನ ಸಭೆ ಒಪ್ಪಿದ 39 ವಿಧಿಗಳಲ್ಲಿ ಆರನೆಯದು ಇದೇ ವಿಷಯದ್ದು. ಶಾಸ್ತ್ರದಲ್ಲಿ ಓದಲಾಗದ್ದನ್ನು, ಅದರಿಂದ ಸಾಬೀತು ಮಾಡಲಾಗದ್ದನ್ನು ನಂಬಲೇಬೇಕೆಂದು ಯಾರ ಮೇಲೂ ಹೊರಿಸಬಾರದು ಎನ್ನುತ್ತದೆ ಅದು. ಓದಿದ ಬಿಷಪರು ಕೂತು ಬರೆದದ್ದು ಅದು. ದೊಡ್ಡವ್ವ ಹೇಳಿದ್ದೂ ಅದೇ. ಪುಸ್ತಕದಾಗ ಇಲ್ಲಂದ್ರ ನನಗ ಬ್ಯಾಡ್ರಿ.

ಹೊರಿಸಬಾರದು ಎಂಬ ಮಾತಿನ ಭಾರ ನನಗೆ ಈ ವಾರ ಗೊತ್ತಾಯಿತು. ಇಷ್ಟು ವರ್ಷ ನಾನು ಸಂಡೇ ಸ್ಕೂಲ್ ಮಕ್ಕಳಿಗೆ "ಸತ್ಯವೇದ ಸಾಕು" ಎಂದು ಕಲಿಸಿದಾಗ ಅದು ಪರೀಕ್ಷೆಯ ಉತ್ತರದ ಹಾಗಿತ್ತು. 66 ಪುಸ್ತಕ, 39 ಹಳೆಯದು, 27 ಹೊಸದು, ಇದಕ್ಕೆ ಏನೂ ಸೇರಿಸಬಾರದು. ಅದು ಸಾಲದು ಎಂದು ಯಾರಾದರೂ ಹೇಳಿದರೆ ಆ ಭಾರ ಯಾರ ತಲೆ ಮೇಲೆ ಬೀಳುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಮಗ ಸತ್ತ ತಾಯಿಯ ಮೇಲೆ ಬೀಳುತ್ತದೆ. ಮಗುವನ್ನು ಅವಚಿಕೊಂಡ ವಿಧವೆಯ ಮೇಲೆ ಬೀಳುತ್ತದೆ. ಅವರಿಗೆ ಎದುರು ಮಾತಾಡಲು ಬೇರೆ ಏನಿದೆ? ದುಡ್ಡಿಲ್ಲ, ಓದಿಲ್ಲ, ಮನೆಯಲ್ಲಿ ಗಂಡಸಿಲ್ಲ. ಆ ಪುಸ್ತಕ ಒಂದೇ ಇರುವುದು.

ಆ ಪ್ರಸಂಗಿ ದುಡ್ಡಿಗಾಗಿ ಹೇಳಿದರು ಎಂದು ನಾನು ಹೇಳುವುದಿಲ್ಲ. ಮನಸಾರೆ ನಂಬಿಯೇ ಹೇಳಿರಬಹುದು. ಆದರೆ ತಮ್ಮ ಮನಸ್ಸಿಗೆ ಬಂದದ್ದಕ್ಕೆ ದೇವರ ಹೆಸರು ಹಚ್ಚಿ ಒಂದು ಮಗುವಿನ ತಾಯಿಯನ್ನು ಹೆದರಿಸಿ ಹೋದರು. ಅದು ದೊಡ್ಡ ತಪ್ಪು. ಅತ್ತಿಗೆ ಸೋಮವಾರ ಮಗುವನ್ನು ಶಾಲೆಗೆ ಕಳಿಸಲಿಲ್ಲ. ಮಂಗಳವಾರವೂ ಕಳಿಸಲಿಲ್ಲ.

ಇದು ಗೊತ್ತಾದದ್ದು ಮಂಗಳವಾರ ರಾತ್ರಿ. ನಾನು ವಾರದಲ್ಲಿ ಎರಡು ಮೂರು ದಿನ ದೊಡ್ಡವ್ವನಿಗೆ ಫೋನಿನಲ್ಲೇ ಒಂದು ಅಧ್ಯಾಯ ಓದಿ ಹೇಳುತ್ತೇನೆ, ಅವಳ ಕಣ್ಣು ಮಂಜಾದಾಗಿನಿಂದ. ಅವತ್ತು ಅತ್ತಿಗೆಯನ್ನೂ ಕೂರಿಸಿ ಸ್ಪೀಕರ್ ಹಾಕಲು ಹೇಳಿದೆ. ಯೋಹಾನ 9 ಓದಿದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುತ್ತಾರಲ್ಲ, ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಯೋ ಎಂದು. ಯೇಸು ಎರಡೂ ಅಲ್ಲ ಅನ್ನುತ್ತಾನೆ. ಆ ಕಡೆಯಿಂದ ಅತ್ತಿಗೆ ಮೂಗು ಒರೆಸಿಕೊಳ್ಳುವುದು ಕೇಳಿಸಿತು. "ಇನ್ನೊಮ್ಮೆ ಓದ್ರಿ" ಎಂದಳು. ಓದಿದೆ. ಬುಧವಾರ ಮಗು ಶಾಲೆಗೆ ಹೋಯಿತು.

ನಿನ್ನೆ ಲೂಕ 13ಕ್ಕೆ ಬಂದೆವು. ಸಿಲೋವದಲ್ಲಿ ಬುರುಜು ಬಿದ್ದು 18 ಮಂದಿ ಸತ್ತರಲ್ಲ, ಅವರು ಯೆರೂಸಲೇಮಿನ ಉಳಿದವರೆಲ್ಲರಿಗಿಂತ ಪಾಪಿಗಳು ಎಂದುಕೊಂಡಿರಾ, ಅಲ್ಲ ಎಂದು ಯೇಸು ಹೇಳುವ ಜಾಗ. ದೊಡ್ಡವ್ವ ತಡೆದಳು.

"ಬುರುಜು ಯಾಕ ಬಿತ್ತಂತ ಐತೇನು?"

"ಇಲ್ಲ ದೊಡ್ಡವ್ವ."

"ಆ ಮಂದಿ ಹೆಸರು?"

"ಅದೂ ಇಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಮಗು ಏನೋ ಹಾಡುತ್ತಿತ್ತು. ಧರ್ಮೋಪದೇಶಕಾಂಡ 29ರಲ್ಲಿ, ಗುಟ್ಟಾಗಿರುವುದು ದೇವರಿಗೆ ಸೇರಿದ್ದು, ತಿಳಿಸಿದ್ದು ನಮಗೂ ನಮ್ಮ ಮಕ್ಕಳಿಗೂ ಸೇರಿದ್ದು ಎಂದಿದೆ. ಅದನ್ನು ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು.

"ಇರ್ಲಿ ಯವ್ವಾ. ಮುಂದ ಓದು."

ಮುಂದೆ ಅಂಜೂರದ ಮರದ ಸಾಮ್ಯದ ಕತೆ ಇತ್ತು. ಓದಿದೆ.