‘ಅಕ್ಕಾ, ಇದು ಮತ್ತೆ ಮತ್ತೆ ಯಾಕೆ ಬರುತ್ತೆ?’

ಮುಂಬೈಯ ಗೋರೆಗಾಂವ್ ಸ್ಟೇಷನ್ ಹತ್ತಿರದ ನನ್ನ ಮೆಡಿಕಲ್ ಅಂಗಡಿಯಲ್ಲಿ ಈ ಪ್ರಶ್ನೆ ಬರುವುದು ರಾತ್ರಿ ಒಂಬತ್ತರ ಮೇಲೆ. ಲೋಕಲ್ ಇಳಿದು ಬಂದ ಹೆಂಗಸರು, ಗಂಡಸರೆಲ್ಲ ಹೋಗುವ ತನಕ ಸೋಪಿನ ಕಪಾಟು ನೋಡುತ್ತಾ ನಿಲ್ಲುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಮರಾಠಿ, ಹಿಂದಿ, ಗುಜರಾತಿ ಬರುತ್ತದೆ. ಕನ್ನಡ ಬರುವುದಿಲ್ಲ. ಅದು ಗೊತ್ತಿರುವ ನಮ್ಮ ಕಡೆಯ ಹೆಂಗಸರು ಕೌಂಟರಿನ ಮೇಲೆ ಬಾಗಿ ಕನ್ನಡದಲ್ಲೇ ಹೇಳುತ್ತಾರೆ. "ಅಕ್ಕಾ, ಕೆಳಗೆ ಮತ್ತೆ ನವೆ ಶುರುವಾಗಿದೆ. ಹೋದ ಸಲದ್ದೇ ಮಾತ್ರೆ ಕೊಡಿ." ಆಮೇಲೆ ಚಿಲ್ಲರೆ ಎಣಿಸುತ್ತಾ, "ಇದು ಮತ್ತೆ ಮತ್ತೆ ಯಾಕೆ ಬರುತ್ತೆ?"

ಹಿಂದೆ ಇನ್ನೊಬ್ಬರು ಬಂದು ನಿಂತಿರುತ್ತಾರೆ. ಎರಡು ಮಾತಲ್ಲಿ ಹೇಳಿ ಮುಗಿಯುವ ವಿಷಯವೂ ಅಲ್ಲ. ಅದಕ್ಕೇ ಈ ಯೀಸ್ಟ್ ಸೋಂಕಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಇದು ಗಲೀಜಿನಿಂದ ಬರುವ ಕಾಯಿಲೆ ಅಲ್ಲ. ಕ್ಯಾಂಡಿಡಾ ಅನ್ನುವ ಈ ಯೀಸ್ಟ್, ಅಂದರೆ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ, ಎಷ್ಟೋ ಹೆಂಗಸರ ಮೈಯಲ್ಲಿ ಸುಮ್ನೆ ಇರುತ್ತದೆ. ಯೋನಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಆ ಹದ ತಪ್ಪಿದಾಗ ಯೀಸ್ಟ್ ಹೆಚ್ಚಿಕೊಂಡು ನವೆ, ಉರಿ, ಒಡೆದ ಹಾಲಿನಂಥ ಬಿಳಿ ಸ್ರಾವ ಶುರುವಾಗುತ್ತದೆ. ನಾಲ್ವರಲ್ಲಿ ಮೂವರು ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ತಮ್ಮಲ್ಲೇ ಏನೋ ಕೊಳೆ ಇದೆ ಅಂದುಕೊಂಡು ಸೋಪು, ವಾಷ್, ನಂಜುನಾಶಕ ದ್ರವ ಹಾಕಿ ಒಳಗೆಲ್ಲ ತೊಳೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾ ಸಾಯುವುದೇ ಆ ತೊಳೆತದಿಂದ. ಹೊರಗಡೆ ಬರೀ ನೀರು ಸಾಕು.

ಯಾವಾಗಲೋ ಒಮ್ಮೆ ಬಂದರೆ ಫ್ಲುಕೊನಜೋಲ್ 150 ಮಿಲಿಗ್ರಾಂ ಒಂದೇ ಮಾತ್ರೆಗೆ, ಇಲ್ಲವೇ ಕೆಲವು ದಿನ ಒಳಗಿಡುವ ಕ್ಲೋಟ್ರಿಮಜೋಲ್ ಮಾತ್ರೆಗೆ ಸಾಮಾನ್ಯವಾಗಿ ಹೋಗುತ್ತದೆ. ಆದರೆ ಒಂದು ವರ್ಷದಲ್ಲಿ ಮೂರು ಸಲ ಅಥವಾ ಜಾಸ್ತಿ ಬಂದರೆ ಲೆಕ್ಕ ಬೇರೆ. ಆಗ ಅದೇ ಒಂದು ಮಾತ್ರೆಯನ್ನು ಮತ್ತೆ ಮತ್ತೆ ನುಂಗುವುದು ಪರಿಹಾರವಲ್ಲ. ಮಾತ್ರೆ ಮಾರುವ ನಾನೇ ಇದನ್ನು ಹೇಳುತ್ತಿದ್ದೇನೆ.

ಅಂಥವರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಇದು ಯೀಸ್ಟೇ ಅಂತ ಯಾರು ಹೇಳಿದ್ದು?" ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಅಮೆರಿಕದಲ್ಲಿ 2002ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ತಮಗೆ ಯೀಸ್ಟ್ ಆಗಿದೆ ಎಂದು ತಾವೇ ತೀರ್ಮಾನಿಸಿ ಔಷಧಿ ಕೊಂಡ ಹೆಂಗಸರನ್ನು ಪರೀಕ್ಷೆ ಮಾಡಿ ನೋಡಿದರು. ನಿಜವಾಗಿ ಬರೀ ಯೀಸ್ಟ್ ಇದ್ದದ್ದು ಮೂವರಲ್ಲಿ ಒಬ್ಬರಿಗೆ. ಮೀನಿನಂಥ ವಾಸನೆ ಇದ್ದರೆ ಅದು ಹೆಚ್ಚಾಗಿ ಬ್ಯಾಕ್ಟೀರಿಯಾ ತೊಂದರೆ. ನೊರೆ ನೊರೆಯಾದ ಹಸಿರು-ಹಳದಿ ಸ್ರಾವವಾದರೆ ಟ್ರೈಕೊಮೊನಾಸ್ ಅನ್ನುವ, ಲೈಂಗಿಕ ಸಂಪರ್ಕದಿಂದ ಹರಡುವ ಪರಜೀವಿ ಇರಬಹುದು, ಅದಕ್ಕೆ ಗಂಡನಿಗೂ ಔಷಧಿ ಬೇಕು. ಇವೆರಡಕ್ಕೂ ಫ್ಲುಕೊನಜೋಲ್ ಏನೂ ಮಾಡುವುದಿಲ್ಲ. ಮೂತ್ರ ಮಾಡುವಾಗಿನ ಉರಿಯದ್ದೂ ಇದೇ ಗೊಂದಲ. ಚರ್ಚ್‌ಗೇಟ್ ತನಕ ಹೋಗಿ ಬರುವವರು ದಾರಿಯಲ್ಲಿ ಒಳ್ಳೆ ಶೌಚಾಲಯ ಸಿಗುವುದಿಲ್ಲ ಅಂತ ನೀರೇ ಕುಡಿಯುವುದಿಲ್ಲ. ಆ ಉರಿ ಮೂತ್ರದ ಸೋಂಕಿನದ್ದೂ ಇರಬಹುದು.

ಪರೀಕ್ಷೆ ದೊಡ್ಡದೇನಲ್ಲ. ಡಾಕ್ಟರು ಹತ್ತಿ ಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಒಂದು ಬಣ್ಣದ ಕಾಗದಕ್ಕೆ ತಾಗಿಸುತ್ತಾರೆ. ಹುಳಿ ಎಷ್ಟಿದೆ ಅಂತ ಅದು ತೋರಿಸುತ್ತದೆ. ಯೀಸ್ಟಿನಲ್ಲಿ ಪಿಎಚ್, ಅಂದರೆ ಹುಳಿಯ ಅಳತೆ (ಹುಳಿ ಹೆಚ್ಚಿದ್ದಷ್ಟೂ ಅಂಕಿ ಕಡಿಮೆ), ಸಾಮಾನ್ಯವಾಗಿ 4.5ರ ಒಳಗೇ ಇರುತ್ತದೆ, ಬ್ಯಾಕ್ಟೀರಿಯಾ ತೊಂದರೆಯಲ್ಲೂ ಟ್ರೈಕೊಮೊನಾಸ್‌ನಲ್ಲೂ ಮೇಲೇರುತ್ತದೆ. ಇನ್ನೊಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮತ್ತೆ ಮತ್ತೆ ಬರುವವರು ಮಾತ್ರ ಕಲ್ಚರ್, ಅಂದರೆ ಸ್ರಾವದಲ್ಲಿರುವುದನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಲೇಬೇಕು. ಯಾವ ಜಾತಿಯ ಯೀಸ್ಟ್ ಅಂತ ತಿಳಿಯುವುದು ಅದರಲ್ಲೇ.

ಇನ್ನು ಮೂರು ಬಗೆಯ ಔಷಧಿ ಒಂದೇ ಪಟ್ಟಿಯಲ್ಲಿ ಬರುವ ಕಿಟ್. "ಬಿಳಿ ಹೋಗುತ್ತೆ" ಅಂದ ಕೂಡಲೇ ಎಷ್ಟೋ ಕಡೆ ಇದನ್ನೇ ಕೊಟ್ಟು ಕಳಿಸುತ್ತಾರೆ. ಅದರಲ್ಲಿ ಅಜಿಥ್ರೊಮೈಸಿನ್ ಕೂಡ ಇರುತ್ತದೆ, ಅದು ಆಂಟಿಬಯೋಟಿಕ್. ಆಂಟಿಬಯೋಟಿಕ್ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಯೀಸ್ಟಿಗೆ ಜಾಗ ಮಾಡಿಕೊಡುತ್ತದೆ. ನೆಗಡಿ ಜ್ವರಕ್ಕೂ ಆಂಟಿಬಯೋಟಿಕ್ ಕೇಳುವವರು ಇದನ್ನು ನೆನಪಿಡಬೇಕು.

ಹೋದ ವರ್ಷ ಕುಂದಾಪುರ ಕಡೆಯವರೊಬ್ಬರು ಬರುತ್ತಿದ್ದರು. ಐವತ್ತೈದು ದಾಟಿದವರು, ಗಂಡ ಕ್ಯಾಂಟೀನ್ ನಡೆಸುತ್ತಾರೆ. ಎಂಟು ತಿಂಗಳಲ್ಲಿ ಆರು ಸಲ. "ಉಷ್ಣ ಆಗಿದೆ" ಅಂತ ಬಾರ್ಲಿ ನೀರು, ಮೆಂತ್ಯ ನೀರು ಎಲ್ಲ ಕುಡಿದಿದ್ದರು. ಒಂದು ದಿನ ದುಡ್ಡು ತೆಗೆಯಲು ಪರ್ಸ್ ಬಿಚ್ಚಿದಾಗ ಒಳಗೆ ಅರ್ಧ ಖಾಲಿಯಾದ ಒಂದು ಮಾತ್ರೆ ಪಟ್ಟಿ ಕಂಡಿತು. ಡಾಪಾಗ್ಲಿಫ್ಲೋಜಿನ್. ಸಕ್ಕರೆ ಕಾಯಿಲೆಗೆ ಹೊಸದಾಗಿ ಬರೆದುಕೊಟ್ಟದ್ದು. ಶುರು ಮಾಡಿದ್ದು ಯಾವಾಗ ಅಂತ ಕೇಳಿದೆ. ಬೆರಳು ಮಡಚಿ ಎಣಿಸಿದರು. ಒಂಬತ್ತು ತಿಂಗಳು.

ಆ ಮಾತ್ರೆ ಕೆಲಸ ಮಾಡುವುದೇ ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕಿ. ಸಕ್ಕರೆ ಸಿಕ್ಕಿದ ಕಡೆ ಯೀಸ್ಟ್ ಬೆಳೆಯುತ್ತದೆ. ಅದು ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಔಷಧಿ, ಆದ್ದರಿಂದ ಯಾರೂ ತಾವಾಗಿ ನಿಲ್ಲಿಸಬೇಡಿ. ಆದರೆ ಬರೆದುಕೊಟ್ಟ ಡಾಕ್ಟರಿಗೆ ಈ ನವೆಯ ವಿಷಯ ಗೊತ್ತಾಗಬೇಕು ಅಲ್ವಾ? ಇವರು ನಾಚಿಕೆಯಿಂದ ಹೇಳಿರಲೇ ಇಲ್ಲ. ನಾನು ಈ ಮಾತ್ರೆ, ಫ್ಲುಕೊನಜೋಲ್ ಎರಡರ ಹೆಸರೂ ಒಂದು ಚೀಟಿಯಲ್ಲಿ ಬರೆದು ಕೊಟ್ಟು ಕಳಿಸಿದೆ. ಡಾಕ್ಟರು ಮಾತ್ರೆ ಬದಲಿಸಿದರು. ಈಗ ಅವರು ನನ್ನಲ್ಲಿಗೆ ಬರುವುದು ಸಕ್ಕರೆ ಮಾತ್ರೆಗೆ ಮಾತ್ರ. ಅವರು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಕೂಡ ತೆಗೆದುಕೊಳ್ಳುತ್ತಿದ್ದರು. ಅದರ ಜೊತೆ ಫ್ಲುಕೊನಜೋಲ್ ಸೇರಿದರೆ ಸಕ್ಕರೆ ತೀರಾ ಇಳಿಯಬಹುದು. ನೀವು ನುಂಗುವ ಎಲ್ಲ ಮಾತ್ರೆಗಳ ಹೆಸರು ಹೇಳಿ ಅಂತ ನಾನು ಒತ್ತಾಯ ಮಾಡುವುದು ಇದಕ್ಕೇ.

ಸಕ್ಕರೆ ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದವರೂ ಇರುತ್ತಾರೆ. ಮೂರನೇ ಸಲ ಬಂದಾಗ ಒಂದು ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿಯರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ, ರೋಗ ತಡೆಯುವ ಶಕ್ತಿ ಕುಂದಿದವರಿಗೂ ಇದು ಜಾಸ್ತಿ. ಹಾಗಿದ್ದೂ ಮತ್ತೆ ಮತ್ತೆ ಬರುವ ಬಹಳಷ್ಟು ಹೆಂಗಸರಲ್ಲಿ ಹುಡುಕಿದರೂ ಇಂಥದ್ದೇ ಕಾರಣ ಅಂತ ಸಿಗುವುದಿಲ್ಲ. ಅವರು ಏನೂ ತಪ್ಪು ಮಾಡಿರುವುದಿಲ್ಲ.

ಮತ್ತೆ ಮತ್ತೆ ಬರುವವರಿಗೆ ಚಿಕಿತ್ಸೆ ಹೀಗಿರುತ್ತದೆ. ಮೊದಲು ಫ್ಲುಕೊನಜೋಲ್ ಮೂರು ಮಾತ್ರೆ: ಒಂದನೇ, ನಾಲ್ಕನೇ, ಏಳನೇ ದಿನ. ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು. 2004ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹೀಗೆ ತೆಗೆದುಕೊಂಡ ಹತ್ತರಲ್ಲಿ ಒಂಬತ್ತು ಜನ ಆರು ತಿಂಗಳು ಆರಾಮವಾಗಿದ್ದರು. ನಿಲ್ಲಿಸಿ ಇನ್ನಾರು ತಿಂಗಳಾಗುವಾಗ ಆರಾಮವಾಗಿ ಉಳಿದವರು ಸುಮಾರು 43 ಶೇಕಡಾ. ಅಂದರೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಮತ್ತೆ ಬಂತು. ಬಂದರೆ ಎದೆಗುಂದಬೇಡಿ, ಮತ್ತೆ ಶುರು ಮಾಡಬಹುದು. ನನ್ನ ಅನುಭವದಲ್ಲಿ ತೊಂದರೆ ಇರುವುದು ಮೂರನೇ ವಾರದಲ್ಲಿ. ನವೆ ನಿಂತಿತು ಅಂತ ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಅದಕ್ಕೆ, ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಆರು ತಿಂಗಳ ಎಲ್ಲ ಸೋಮವಾರಗಳಿಗೂ ಒಂದೊಂದು ಚುಕ್ಕೆ ಇಡಿ ಅನ್ನುತ್ತೇನೆ.

ಗ್ಲಾಬ್ರಾಟಾ ಅನ್ನುವ ಜಾತಿ ಇದ್ದರೆ ಫ್ಲುಕೊನಜೋಲ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಆಗ ಡಾಕ್ಟರು 600 ಮಿಲಿಗ್ರಾಂ ಬೋರಿಕ್ ಆಸಿಡ್ ಕ್ಯಾಪ್ಸೂಲ್ ಬರೆಯಬಹುದು. ದಿನಕ್ಕೊಂದು, ಮೂರು ವಾರ, ಯೋನಿಯೊಳಗೆ ಇಡುವುದಕ್ಕೆ. ಬಾಯಿಗೆ ಹಾಕಿದರೆ ವಿಷ, ಮಕ್ಕಳ ಕೈಗೆ ಸಿಗಬಾರದು. ಕೇರಂ ಬೋರ್ಡಿನ ಮೇಲೆ ಉದುರಿಸುವ ಪುಡಿಯೂ ಬೋರಿಕ್ಕೇ ಅಲ್ವಾ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಅದನ್ನು ಮುಟ್ಟಬೇಡಿ. ಗರ್ಭಿಣಿಯರಿಗೆ ಬೋರಿಕ್ ಕೂಡದು. ಅವರು ಫ್ಲುಕೊನಜೋಲ್ ಮಾತ್ರೆಯನ್ನೂ ನುಂಗಬಾರದು. ಅವರಿಗೆ ಒಳಗಿಡುವ ಕ್ಲೋಟ್ರಿಮಜೋಲ್ ಮಾತ್ರೆ, ಏಳು ದಿನ.

ಮೊಸರು ತಿಂದರೆ ಹೋಗುತ್ತಾ? ತಿನ್ನಿ, ಆದರೆ ಅದರಿಂದಲೇ ಹೋಗುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ಬೆಳ್ಳುಳ್ಳಿ ಒಳಗೆ ಇಡಬೇಡಿ, ಸುಡುತ್ತದೆ. ಮಳೆಗಾಲದಲ್ಲಿ ಮುಂಬೈಯಲ್ಲಿ ಒಳಬಟ್ಟೆ ಒಣಗುವುದೇ ಇಲ್ಲ, ಇಸ್ತ್ರಿಯಾದರೂ ಹಾಕಿ ತೊಡಿ. ಹುಳುಕಡ್ಡಿಗೆ ತಂದಿಟ್ಟ ಸ್ಟೀರಾಯ್ಡ್ ಬೆರೆತ ಮುಲಾಮು ಮಾತ್ರ ಅಲ್ಲಿ ಹಚ್ಚಲೇಬೇಡಿ. ಎರಡು ದಿನ ಹಾಯೆನಿಸುತ್ತದೆ, ಆಮೇಲೆ ಚರ್ಮ ತೆಳುವಾಗುತ್ತದೆ. ಯೀಸ್ಟ್ ಲೈಂಗಿಕ ರೋಗ ಅಲ್ಲ. ಗಂಡನಿಗೆ ನವೆ, ಕೆಂಪು ಇಲ್ಲದಿದ್ದರೆ ಅವರಿಗೆ ಔಷಧಿ ಬೇಡ. "ನಿನಗೆ ಎಲ್ಲಿಂದ ಬಂತು" ಅನ್ನುವ ಜಗಳವೂ ಬೇಡ.

ಪರೀಕ್ಷೆಗೆ ಕೂಪರ್, ನಾಯರ್, ಕೆಇಎಂ, ಸಾಯನ್, ಯಾವ ಮುನಿಸಿಪಲ್ ಆಸ್ಪತ್ರೆಯ ಹೆಂಗಸರ ವಿಭಾಗಕ್ಕೂ ಹೋಗಬಹುದು. ನವೆ ಜೋರಾಗಿರುವಾಗಲೇ ಹೋಗಿ. ಅದಕ್ಕೂ ಮೊದಲು ಮಾತ್ರೆ, ಮುಲಾಮು ಏನೂ ಬೇಡ, ಪರೀಕ್ಷೆಯಲ್ಲಿ ಸಿಗದೇ ಹೋಗುತ್ತದೆ. ಹಿಂದೆ ಯಾವ ಯಾವ ತಿಂಗಳು ಬಂದಿತ್ತು, ಏನು ತೆಗೆದುಕೊಂಡಿರಿ ಅಂತ ಬರೆದುಕೊಂಡು ಹೋಗಿ. ಕೇಸ್ ಪೇಪರ್ ಮಾಡಿಸಲು ಮರಾಠಿ ಬರುವುದಿಲ್ಲ, ಒಬ್ಬಳೇ ಹೋಗಲು ಹೆದರಿಕೆ ಅಂದರೆ ನನಗೆ ಹೇಳಿ. ಅಂಗಡಿ ಬಾಗಿಲು ತೆಗೆಯುವುದು ಹನ್ನೊಂದಕ್ಕೆ. ಬೆಳಿಗ್ಗೆ ಎಂಟಕ್ಕೆ ಕೂಪರ್‌ನ ಸಾಲಿನಲ್ಲಿ ನಿಮ್ಮ ಜೊತೆ ನಿಲ್ಲುತ್ತೇನೆ.