ಅಡಿಕೆ ತೋಟಕ್ಕೊಂದು ರಷ್ಯನ್ ಲೆನ್ಸ್

ನನ್ನ ಕ್ಯಾಮೆರಾ ಸೋನಿ ಎ7, ಸೆಕೆಂಡ್ ಹ್ಯಾಂಡ್. ಅದರ ಮುಂದೆ ಸದಾ ಕೂತಿರುವ ಲೆನ್ಸ್ ಮಾತ್ರ ಸೋವಿಯತ್ ಕಾಲದ್ದು: ಹೀಲಿಯೋಸ್ 44-2. 58 ಎಂಎಂ, ಎಫ್/2 (ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟು ಬೆಳಕು ಬರುವ ಕಿಂಡಿ ದೊಡ್ಡದು). ಚಿಪ್ ಇಲ್ಲ, ಮೋಟರ್ ಇಲ್ಲ, ಆಟೋಫೋಕಸ್ ಇಲ್ಲ. ಗಾಜು, ಲೋಹ, ಗ್ರೀಸು, ಅಷ್ಟೇ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ತೋಟದಲ್ಲಿ ತೆಗೆದ ಫೋಟೋ ನೋಡಿ "ಯಾವ ಲೆನ್ಸ್ ಇದು?" ಅಂತ ಕೇಳುವವರು ಈಚೆಗೆ ಜಾಸ್ತಿ. ಒಬ್ಬೊಬ್ಬರಿಗೆ ಮೆಸೇಜಿನಲ್ಲಿ ಹೇಳುವ ಬದಲು ಇಲ್ಲೇ ಬರೆಯೋಣ ಅನ್ನಿಸಿತು.

ಇದರ ಮೂಲ ಜರ್ಮನಿ. ಕಾರ್ಲ್ ಝೈಸ್ ಕಂಪನಿಯ ವಿಲ್ಲಿ ಮೆರ್ಟೆ 1927ರಲ್ಲಿ ಬಯೋಟಾರ್ ಎಂಬ ಲೆನ್ಸ್ ರೂಪಿಸಿದರು. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಎಂಜಿನಿಯರುಗಳು ಅದನ್ನೇ ಆಧಾರ ಮಾಡಿಕೊಂಡು, ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಹೀಲಿಯೋಸ್ ತಯಾರಿಸಿದರು. ಜೆನಿತ್ ಕ್ಯಾಮೆರಾ ಕೊಂಡರೆ ಇದು ಜೊತೆಗೇ ಬರುತ್ತಿತ್ತು. ಲಕ್ಷಗಟ್ಟಲೆ ತಯಾರಾದ ಕಾರಣ ಇವತ್ತಿಗೂ ಹುಡುಕಿದರೆ ಸಿಗುತ್ತದೆ.

ಹೊಸ ಕ್ಯಾಮೆರಾಕ್ಕೆ ಹಾಕುವುದು ಕಷ್ಟವೇನಲ್ಲ. ಇದು ಎಂ42 ಲೆನ್ಸ್, ಅಂದರೆ 42 ಎಂಎಂ ಅಗಲದ ತಿರುಪು. ಹಿಂದಿನ ಕ್ಯಾಮೆರಾಗಳಲ್ಲಿ ಒಳಗೆ ಕನ್ನಡಿ ಇರುತ್ತಿತ್ತಲ್ಲ, ಅದಕ್ಕೆ ಜಾಗ ಬೇಕಿತ್ತು. ಹಾಗಾಗಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 45.46 ಎಂಎಂ ದೂರ. ನನ್ನ ಕ್ಯಾಮೆರಾದಲ್ಲಿ ಕನ್ನಡಿ ಇಲ್ಲ, ಆ ದೂರ 18 ಎಂಎಂ ಮಾತ್ರ. ನಡುವಿನ ಇಪ್ಪತ್ತೇಳೂವರೆ ಎಂಎಂ ತುಂಬಲು ಒಂದು ಖಾಲಿ ಕೊಳವೆ ಸಾಕು. ಅಡಾಪ್ಟರ್ ಅಂದರೆ ಅದೇ. ಮೆನುವಿನಲ್ಲಿ "ಲೆನ್ಸ್ ಇಲ್ಲದಿದ್ದರೂ ಕ್ಲಿಕ್ ಆಗಲಿ" ಅನ್ನುವ ಆಯ್ಕೆ ಆನ್ ಮಾಡಬೇಕು. ಯಾಕೆಂದರೆ ಇಲ್ಲಿ ಲೆನ್ಸ್ ಇದೆ ಅಂತ ಕ್ಯಾಮೆರಾಕ್ಕೆ ಗೊತ್ತೇ ಆಗುವುದಿಲ್ಲ.

ಈಗ ತೋಟಕ್ಕೆ ಬರೋಣ. ಹೀಲಿಯೋಸ್ ಹೆಸರು ಮಾಡಿದ್ದು ಅದರ ಸುತ್ತುವ ಹಿನ್ನೆಲೆಯಿಂದ. ಫೋಕಸ್ ಇಲ್ಲದ ಬೆಳಕಿನ ಚುಕ್ಕಿಗಳು ಚಿತ್ರದ ಮಧ್ಯದಲ್ಲಿ ದುಂಡಗಿರುತ್ತವೆ. ಅಂಚಿಗೆ ಹೋದಂತೆ ಬಾದಾಮಿಯ ಹಾಗೆ ಚಪ್ಪಟೆಯಾಗಿ, ಮಧ್ಯದ ಸುತ್ತ ಸಾಲಾಗಿ ನಿಲ್ಲುತ್ತವೆ. ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಅಂಚು ಸ್ವಲ್ಪ ತಡೆಯುವುದು ಇದಕ್ಕೆ ದೊಡ್ಡ ಕಾರಣ. ಆದರೆ ಎಲ್ಲ ಕಡೆಯೂ ಹೀಗೆ ಬರುವುದಿಲ್ಲ. ಹಿಂದೆ ಗೋಡೆ ಇದ್ದರೆ ಏನೂ ಇಲ್ಲ, ಬರೀ ಆಕಾಶ ಇದ್ದರೂ ಇಲ್ಲ. ಸಣ್ಣ ಸಣ್ಣ ಬೆಳಕಿನ ತೂತುಗಳು ಬೇಕು. ಬೆಳಗಿನ ಹೊತ್ತು ಅಡಿಕೆ ಸೋಗೆಗಳ ಸಂದಿಯಿಂದ ಬಿಸಿಲು ಇಳಿಯುವುದನ್ನು ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಎಫ್/2ರಲ್ಲಿ ಇಟ್ಟು, ಎದುರಿಗಿರುವವರಿಂದ ಒಂದು ಒಂದೂವರೆ ಮೀಟರ್ ದೂರ ನಿಂತು, ಅವರ ಹಿಂದೆ ಐದಾರು ಮೀಟರ್ ಆಚೆ ತೋಟ ಬರುವ ಹಾಗೆ ನೋಡಿಕೊಳ್ಳಿ. ಈ ಲೆನ್ಸಿಗೆ ಮಲೆನಾಡಿಗಿಂತ ಒಳ್ಳೆ ಹಿನ್ನೆಲೆ ಇರಲಿಕ್ಕಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ನನಗೆ ಇದು ಇಷ್ಟವಾಗಿರುವುದು ಬರೀ ಆ ಸುತ್ತಿನಿಂದ ಅಲ್ಲ. ಕೈಯಲ್ಲಿ ಫೋಕಸ್ ಮಾಡಬೇಕಾದರೆ ಎದುರಿನ ಕೆಲಸ ಹೇಗೆ ನಡೆಯುತ್ತದೆ ಅಂತ ಮೊದಲು ಅರ್ಥ ಮಾಡಿಕೊಳ್ಳಲೇಬೇಕು. ಅದೇ ನನ್ನ ಖುಷಿ.

ಕೊಯ್ಲಿನ ಕಾಲದಲ್ಲಿ ನಮ್ಮ ಜಗಲಿಯಲ್ಲಿ ದೊಡ್ಡಮ್ಮ ಅಡಿಕೆ ಸುಲಿಯುತ್ತಾರೆ. ಅವರ ಕೈ ಎಷ್ಟು ಬೇಗ ಓಡುತ್ತದೆ ಅಂದರೆ ಹಿಂದೆಯೇ ಫೋಕಸ್ ರಿಂಗ್ ತಿರುಗಿಸುತ್ತಾ ಹೋಗಲು ಸಾಧ್ಯವೇ ಇಲ್ಲ. ಸುಮ್ನೆ ಕೂತು ನೋಡಿದೆ. ಕೈ ಓಡುತ್ತದೆ, ಮೆಟ್ಟುಗತ್ತಿ ಮಾತ್ರ ಅಲ್ಲಾಡುವುದಿಲ್ಲ. ಪ್ರತಿ ಅಡಿಕೆಯೂ ಅದೇ ಅಲಗಿಗೆ ಬಂದು ತಾಗಬೇಕು. ಅಲಗಿಗೆ ಒಮ್ಮೆ ಫೋಕಸ್ ಮಾಡಿ ಇಟ್ಟುಕೊಂಡರೆ ಆಯಿತು, ಕೈ ತಾನಾಗಿಯೇ ಅಲ್ಲಿಗೆ ಬರುತ್ತದೆ. "ಇಷ್ಟೊತ್ತು ಎಂತ ನೋಡ್ತಿದ್ಯೇ ಮಾರಾಯ್ತಿ?" ಅಂತ ಅವರು ತಲೆ ಎತ್ತಿದ್ದೂ ಒಂದು ಒಳ್ಳೆ ಫೋಟೋ ಆಯಿತು.

ಮುಖಕ್ಕೆ ಬೇರೆ ಉಪಾಯ. ಒಂದು ಮೀಟರ್ ದೂರದಲ್ಲಿ ಎಫ್/2 ಇಟ್ಟರೆ ಸ್ಪಷ್ಟವಾಗಿ ಬರುವುದು ಮೂರೂವರೆ ಸೆಂಟಿಮೀಟರಿನಷ್ಟು ಮಾತ್ರ. ಕಣ್ಣು ಬಂದರೆ ಕಿವಿ ಇಲ್ಲ. ಇಂಥ ಕಡೆ ಫೋಕಸ್ ಪೀಕಿಂಗಿನ (ಫೋಕಸ್ ಆದ ಅಂಚುಗಳನ್ನು ಕ್ಯಾಮೆರಾ ತೆರೆಯ ಮೇಲೆ ಗುರುತಿಸುವ) ಬಣ್ಣದ ಗೆರೆ ನಂಬಬೇಡಿ, ಅದು ಹುಬ್ಬನ್ನೂ ತೋರಿಸುತ್ತದೆ, ಕಣ್ಣನ್ನೂ ತೋರಿಸುತ್ತದೆ. ಝೂಮ್ ಮಾಡಿ ರೆಪ್ಪೆ ನೋಡಿ. ಒಮ್ಮೆ ಫೋಕಸ್ ಕೂಡಿದ ಮೇಲೆ ರಿಂಗ್ ಮುಟ್ಟದೆ ನಮ್ಮ ಮೈಯನ್ನೇ ಒಂದು ಚೂರು ಹಿಂದೆ ಮುಂದೆ ಮಾಡುವುದು ಸುಲಭ. ಜಾತ್ರೆ, ಸಂತೆಗೆ ಹೋದರೆ ಎಫ್/8, ಮೂರು ಮೀಟರ್. ಎರಡೂವರೆಯಿಂದ ಹೆಚ್ಚುಕಮ್ಮಿ ಮೂರೂಮುಕ್ಕಾಲು ಮೀಟರ್ ತನಕ ಎಲ್ಲ ಸರಿಯಾಗಿ ಬರುತ್ತದೆ. ಆಗ ಕಣ್ಣಳತೆ ಒಂದಿದ್ದರೆ ಸಾಕು.

ಇದರಲ್ಲಿ ಅಪರ್ಚರಿಗೆ, ಅಂದರೆ ಬೆಳಕು ಬರುವ ಆ ಕಿಂಡಿಗೆ, ಎರಡು ರಿಂಗ್ ಇವೆ. ಒಂದರಲ್ಲಿ ಎಫ್/8 ಅಂತ ಮಿತಿ ಗೊತ್ತು ಮಾಡುವುದು. ಇನ್ನೊಂದು ಟಕ್ ಟಕ್ ಅನ್ನದೆ ನುಣ್ಣಗೆ ತಿರುಗುತ್ತದೆ. ಪೂರ್ತಿ ತೆರೆದು ಫೋಕಸ್ ಮಾಡಿ, ಕಣ್ಣು ತೆಗೆಯದೆ ಮುಚ್ಚುತ್ತಾ ಬಂದರೆ ಸರಿಯಾಗಿ ಆ ಮಿತಿಯಲ್ಲೇ ನಿಲ್ಲುತ್ತದೆ. ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದಾರೆ, ಅಲ್ವಾ?

ನಮ್ಮೂರಿನಲ್ಲಿ ಇಂಥ ಲೆನ್ಸಿಗೆ ದೊಡ್ಡ ಶತ್ರು ಮಳೆಗಾಲ. ಗಾಜಿನ ಮೇಲೆ ಜೇಡರ ಬಲೆಯಂಥ ಫಂಗಸ್ ಹಬ್ಬುತ್ತದೆ. ಜಾಸ್ತಿ ದಿನ ಬಿಟ್ಟರೆ ಕೋಟಿಂಗನ್ನೇ ತಿಂದು ಹಾಕುತ್ತದೆ. ಚರ್ಮದ ಚೀಲದಲ್ಲಿ ಇಡಲೇಬೇಡಿ, ಅದು ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು, ಲೆನ್ಸನ್ನು ಬಳಸುತ್ತಲೇ ಇರುವುದು.

ಕೊಳ್ಳುವವರಿಗೆ ಎರಡು ಮಾತು. ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ಧೂಳಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಬಲೆ ಕಂಡರೆ ಬೇಡ. ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಗಟ್ಟಿಯಾಗಿದ್ದರೆ ಗ್ರೀಸ್ ಒಣಗಿದೆ ಅಂತ ಅರ್ಥ, ರಿಪೇರಿಯವರ ಹತ್ತಿರ ಸರಿಯಾಗುತ್ತದೆ. ಹೊರಗಿನ ಬಣ್ಣ ಕಿತ್ತಿದ್ದರೆ ಅದನ್ನೇ ಹೇಳಿ ಬೆಲೆ ಇಳಿಸಿಕೊಳ್ಳಿ. ನಾನೀಗ ಹುಡುಕುತ್ತಿರುವುದು ಜುಪಿಟರ್-37ಎ, 135 ಎಂಎಂ, ಎಫ್/3.5. ಅದೂ ಎಂ42, ಇದೇ ಅಡಾಪ್ಟರಿಗೆ ಕೂರುತ್ತದೆ. ಮರದ ತುದಿಯಲ್ಲಿ ಅಡಿಕೆ ಕೊನೆ (ಗೊನೆ) ಕೊಯ್ಯುವವರನ್ನು ಕೆಳಗಿನಿಂದ ತೆಗೆಯಲು 58 ಎಂಎಂ ಸಾಲುವುದಿಲ್ಲ, ಅಷ್ಟು ದೂರದ್ದು ತೀರಾ ಚಿಕ್ಕದಾಗಿ ಬರುತ್ತದೆ. ಯಾರ ಹತ್ತಿರವಾದರೂ ಇದ್ದರೆ ತಿಳಿಸಿ.